ಬ್ರೇಕು ಕಾಯುವವನ ಊರು

ಬೆಟ್ಟದ ಮೇಲೆ ಕಟ್ಟಿದ ಊರಿಗೆ ಹೋಗುವವನು ಹೊರಡುವ ಮುನ್ನ ತನ್ನ ಮೊಣಕಾಲುಗಳ ಒಪ್ಪಿಗೆಯನ್ನು ಪಡೆಯಬೇಕು. ನಾನು ಪಡೆಯದೆಯೇ ಹೊರಟೆ. 2025ರ ಮೇ ತಿಂಗಳಿನಲ್ಲಿ, ಓದಿಗೆಂದು ಲಿಸ್ಬನ್ನಿನಲ್ಲಿ ನೆಲೆಸಿದ್ದ ಮಗಳ ಮನೆಯಲ್ಲಿ ಹನ್ನೆರಡು ದಿನ ಇದ್ದು ಬಂದೆ. ಕುಮಟೆಯ ತೀರದಲ್ಲಿ ಹುಟ್ಟಿ ಬೆಳೆದ ನನಗೆ ಕಡಲೂರು ಎಂದರೆ ಸಮತಟ್ಟಾದ ಮರಳು, ತೆಂಗಿನ ತೋಟ. ಬೆಟ್ಟವೆಂದರೆ ಮೂಡಲಲ್ಲಿ ನೀಲಿಯಾಗಿ ತೋರುವ ಘಟ್ಟ. ಇವೆರಡೂ ಒಂದೇ ಬೀದಿಯಲ್ಲಿ ಕೂಡುವುದನ್ನು ನಾನು ಕಂಡದ್ದು ಅಲ್ಲಿಯೇ. ತೇಜೊ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಎಡೆಯಲ್ಲಿ, ನೀರಿನಂಚಿನಿಂದಲೇ ಮೇಲೆದ್ದ ಬೆಟ್ಟಗಳ ಮೈಮೇಲೆ ಆ ನಗರ ಹರಡಿಕೊಂಡಿದೆ. ಏಳು ಬೆಟ್ಟಗಳ ಊರೆಂದು ಅದಕ್ಕೆ ಹೆಸರು. ಮೊದಲನೆಯ ದಿನ ಕಾಲ್ನಡಿಗೆಯಲ್ಲಿ ಹೊರಟ ನಾನು ಎರಡನೆಯ ಬೆಟ್ಟದಲ್ಲಿಯೇ ಲೆಕ್ಕ ಮರೆತು ಕುಳಿತೆ.

ಸಂಜೆ ಮಗಳು ನಕ್ಕು, "ಅಪ್ಪ, ನಾಳೆಯಿಂದ ಟ್ರಾಮಿನಲ್ಲಿ ಹೋಗಿ. ಒಂದು ದಿನದ ಕಾರ್ಡು ಮಾಡಿಸಿಕೊಡುತ್ತೇನೆ. ಗಾಡಿಯೊಳಗೆ ಟಿಕೆಟು ಕೊಂಡರೆ ದುಡ್ಡು ಹೆಚ್ಚು. ಇಪ್ಪತ್ತೆಂಟನೆಯ ನಂಬರಿನ ಗಾಡಿಯನ್ನಾದರೆ ಬೆಳಗ್ಗೆ ಬೇಗ ಹಿಡಿಯಬೇಕು. ಜೇಬಿನ ಮೇಲೆ ಕೈ ಇರಲಿ," ಎಂದಳು. ಅಲ್ಲಿನ ಟ್ರಾಮು ಪ್ರವಾಸಿಗಳಿಗೆ ಎಷ್ಟು ಪ್ರಿಯವೋ ಜೇಬುಗಳ್ಳರಿಗೂ ಅಷ್ಟೇ ಪ್ರಿಯವಂತೆ.

ಟ್ರಾಮೆಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ನನ್ನ ತಂದೆಯವರ ಬಾಯಿಂದ. ಅವರು ಹುಡುಗರಾಗಿದ್ದಾಗ ಮುಂಬಯಿಗೆ ಹೋಗಿ ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ಲೋಟ ತೊಳೆಯುವ ಕೆಲಸಕ್ಕೆ ಸೇರಿದ್ದರು. ವಾರದ ರಜೆಯಲ್ಲಿ ಟ್ರಾಮು ಹತ್ತಿ ಬೋರಿಬಂದರಿನವರೆಗೆ ಹೋಗಿ ಮರಳುವುದೇ ಅವರ ವಿಲಾಸ. ಒಮ್ಮೆ ಅವರು ಕಿಟಕಿಯ ಬಳಿ ಹಾಯಾಗಿ ಕುಳಿತು ಊರು ನೋಡುತ್ತಿದ್ದಾಗ, ಪಾಳಿ ಮುಗಿಸಿ ಬಂದ ಗಿರಣಿ ಕಾರ್ಮಿಕನೊಬ್ಬ ಕಂಬಿ ಹಿಡಿದು ನಿಂತಲ್ಲಿಯೇ ತೂಕಡಿಸುತ್ತಿದ್ದನಂತೆ. ಜೊತೆಗಿದ್ದ ಹಿರಿಯ ಅಡಿಗೆ ಭಟ್ಟರು ತಂದೆಯವರ ತೊಡೆಯನ್ನು ಮೆಲ್ಲನೆ ತಟ್ಟಿ, "ಏಳು ಮಾರಾಯ. ನಾವು ನೋಡಲಿಕ್ಕೆ ಬಂದವರು, ಅವ ಮನೆಗೆ ಹೋಗುವವ," ಎಂದರಂತೆ. ಮುಂಬಯಿಯ ಕೊನೆಯ ಟ್ರಾಮು 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಬಂದು ನಿಂತಿತು. ಅದರ ನೆನಪು ದಾದರ್ ಟಿ.ಟಿ. ಎಂಬ ಹೆಸರಿನ ಎರಡು ಅಕ್ಷರಗಳಲ್ಲಿ ಇಂದಿಗೂ ಉಳಿದಿದೆ. ಟ್ರಾಮಿನ ಕೊನೆಯ ನಿಲ್ದಾಣವೆಂಬುದೇ ಆ ಅಕ್ಷರಗಳ ಅರ್ಥ. ಭಟ್ಟರ ಮಾತನ್ನು ತಂದೆಯವರು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದರು. ಕೇಳಿದ ಮಾತೆಲ್ಲ ಸಮಯಕ್ಕೆ ನೆನಪಾಗುವುದಿಲ್ಲ.

ಲಿಸ್ಬನ್ನಿನ ಟ್ರಾಮು ಮುಂಬಯಿಯ ಟ್ರಾಮಿಗೆ ಓರಗೆಯದು. ಅದನ್ನು ನಡೆಸುವ ಕಾರಿಸ್ ಎಂಬ ಕಂಪೆನಿಯು 1872ರಲ್ಲಿ, ಎಲ್ಲಿಯೋ ದೂರದ ಬ್ರಜಿಲ್ ದೇಶದ ರಿಯೊ ನಗರದಲ್ಲಿ ಸ್ಥಾಪನೆಯಾಯಿತು. ಮರುವರ್ಷವೇ ಲಿಸ್ಬನ್ನಿನ ಬೀದಿಗಳಲ್ಲಿ ಕುದುರೆ ಎಳೆಯುವ ಗಾಡಿಗಳು ಓಡತೊಡಗಿದವು. 1901ರ ಆಗಸ್ಟ್ 31ರಂದು ಕುದುರೆಯ ಬದಲು ವಿದ್ಯುತ್ತು ಬಂತು. ಆದಕಾರಣ ಅಲ್ಲಿನವರು ಟ್ರಾಮನ್ನು ಈಗಲೂ "ಎಲೆತ್ರಿಕು" ಎಂದೇ ಕರೆಯುತ್ತಾರೆ. 1959ರಲ್ಲಿ ನೆಲದಡಿಯ ರೈಲು ಪ್ರಾರಂಭವಾಯಿತು, ಬಸ್ಸುಗಳು ಹೆಚ್ಚಿದವು, ಟ್ರಾಮಿನ ಹಾದಿಗಳು ಒಂದೊಂದಾಗಿ ಮುಚ್ಚಿದವು. ಈಗ ಉಳಿದಿರುವುದು ಆರು ಹಾದಿ ಮಾತ್ರ. ಬಸ್ಸು ತಿರುಗಲಾರದ ಸಂದಿಯಲ್ಲಿ, ಲಾರಿ ಏರಲಾರದ ಏರಿನಲ್ಲಿ ಈ ಪುಟ್ಟ ಗಾಡಿ ಹೋಗಬಲ್ಲುದೆಂಬ ಕಾರಣದಿಂದ ಅವು ಬದುಕಿಕೊಂಡವು. ಕಂಬಿಗಳ ನಡುವಣ ಅಂತರ 900 ಮಿಲಿಮೀಟರು, ಎಂದರೆ ಮೂರಡಿಗಿಂತಲೂ ಒಂದಿಷ್ಟು ಕಡಮೆ. ಅಂತಹ ಹಾದಿಯ ಮೇಲೆ, ನೂರಡಿ ಸಾಗುವಷ್ಟರಲ್ಲಿ ಹದಿಮೂರಡಿ ಮೇಲೇರುವ ಕಡೆಗಳೂ ಉಂಟು. ಹಲ್ಲಿನ ಗಾಲಿಯಿಲ್ಲ, ಎಳೆಯುವ ಹಗ್ಗವಿಲ್ಲ. ಉಕ್ಕಿನ ಮೇಲೆ ಉಕ್ಕಿನ ಹಿಡಿತವೊಂದನ್ನೇ ನಂಬಿದ ಪಯಣ. ಮಳೆ ಬಿದ್ದು ಕಂಬಿ ಜಾರಿದರೆ ಗಾಲಿಯ ಮುಂದೆ ಮರಳು ಉದುರಿಸುವ ಏರ್ಪಾಡಿದೆ.

ಮಗಳ ಮನೆಯಿಂದ ಮೂಲ ನಿಲ್ದಾಣ ಹತ್ತಿರ. ಅದರ ಹೆಸರು ಪ್ರಜೇರೆಸ್. ಹಾಗೆಂದರೆ "ಸುಖಗಳು" ಎಂದರ್ಥ. ಗಾಡಿ ನಿಲ್ಲುವುದು ಸ್ಮಶಾನದ ಬಾಗಿಲಲ್ಲಿ! 1833ರಲ್ಲಿ ಕಾಲರಾ ಹರಡಿದಾಗ ತೆರೆದ ಸ್ಮಶಾನಕ್ಕೆ ಆ ಹೆಸರು ನಿಂತಿದೆ. ಸುಖಗಳ ಕೊನೆಯ ನಿಲ್ದಾಣ ಯಾವುದೆಂದು ಆ ಊರಿನವರು ಫಲಕ ಬರೆದೇ ಇಟ್ಟಿದ್ದಾರೆ. ಕವಿ ಫೆರ್ನಾಂದು ಪೆಸ್ಸೋವ ತನ್ನ ಕೊನೆಯ ಹದಿನೈದು ವರ್ಷ ಇದೇ ಬಡಾವಣೆಯಲ್ಲಿ ಕಳೆದು, 1935ರಲ್ಲಿ ತೀರಿಕೊಂಡ ಮೇಲೆ ಇದೇ ಸ್ಮಶಾನಕ್ಕೆ ಬಂದ. ಐವತ್ತು ವರ್ಷಗಳ ಅನಂತರ, 1985ರಲ್ಲಿ, ನಾಡು ಅವನ ಹಿರಿಮೆಯನ್ನು ಮನಗಂಡು ಅವನನ್ನು ಬೆಲೆಂ ಎಂಬಲ್ಲಿಯ ಮಠಕ್ಕೆ ಸ್ಥಳಾಂತರಿಸಿತು.

ಮರುದಿನ ಬೆಳಗ್ಗೆ ಆ ಬಾಗಿಲಲ್ಲಿ ನನಗೆ ದೊರೆತ ಗಾಡಿ ಹಳದಿ ಬಣ್ಣದ್ದು. 1930ರ ದಶಕದ ಮೈಕಟ್ಟು, 1990ರ ದಶಕದಲ್ಲಿ ಹೊಸದಾಗಿ ಕೂಡಿಸಿದ ಮೋಟಾರು ಮತ್ತು ಬ್ರೇಕು. ಒಳಗೆ ಮೆರುಗಿನ ಮರದ ಹಲಗೆ, ಇಪ್ಪತ್ತು ಆಸನ. ನಾನು ಕಿಟಕಿಯ ಪಕ್ಕದ ಆಸನದಲ್ಲಿ ಜಯಶಾಲಿಯಂತೆ ಕುಳಿತೆ. ಎಸ್ತ್ರೆಲಾದ ಬಿಳಿಯ ಗುಮ್ಮಟದ ಇಗರ್ಜಿ ಹಿಂದೆ ಸರಿಯಿತು. ಶಿಯಾದು ಕಳೆದು ಗಾಡಿ ಕೆಳಗಿಳಿಯುವಾಗ ಎದುರಿನ ಬೆಟ್ಟವೇ ಮೇಲೆದ್ದು ಬರುತ್ತಿರುವಂತೆ ತೋರಿತು. 1755ರ ಭೂಕಂಪದಲ್ಲಿ ನೆಲಸಮವಾಗಿ, ಪೊಂಬಾಲ್ ಎಂಬ ಮಂತ್ರಿಯು ಅಳತೆಯ ದಾರ ಹಿಡಿದಂತೆ ನೇರವಾಗಿ ಮತ್ತೆ ಕಟ್ಟಿಸಿದ ಕೆಳಪೇಟೆಯನ್ನು ಅಡ್ಡಹಾಯ್ದು, ಗಾಡಿ ಹಳೆಯ ಅಲ್ಫಾಮಾ ಬೆಟ್ಟವನ್ನು ಏರತೊಡಗಿತು. ಆ ಗುಡ್ಡದ ಓಣಿಗಳಲ್ಲಿ ಎರಡು ಗಾಡಿಗಳಿಗೆ ಎಡೆಯಿಲ್ಲ. ದೀಪದ ಸನ್ನೆ ನೋಡಿ ಒಂದು ನಿಲ್ಲಬೇಕು, ಒಂದು ಹೋಗಬೇಕು. ಕೈ ಚಾಚಿದರೆ ಗೋಡೆ ತಾಕುತ್ತದೆ. ಒಣಗಹಾಕಿದ ಬಟ್ಟೆಗಳ ಕೆಳಗೆ, ಮನೆಗಳ ಹೊಸ್ತಿಲಿನ ಮುಂದೆ ಗಾಡಿ ನುಸುಳುತ್ತದೆ. ಒಂದೆಡೆ ಯಾರೋ ಮಹಾಶಯರು ಕಾರನ್ನು ಕಂಬಿಗೆ ಒತ್ತಿ ನಿಲ್ಲಿಸಿ ಕಾಫಿ ಕುಡಿಯಲು ಹೋಗಿದ್ದರು. ಚಾಲಕ ಗಂಟೆ ಬಾರಿಸಿದ, ಮತ್ತೆ ಬಾರಿಸಿದ, ಆಮೇಲೆ ಕೈ ಕಟ್ಟಿ ಕುಳಿತ. ಮಹಾಶಯರು ಬಾಯಿ ಒರೆಸಿಕೊಳ್ಳುತ್ತ ಬಂದು ಕಾರು ತೆಗೆದಾಗ ಇಡೀ ಗಾಡಿ ಚಪ್ಪಾಳೆ ತಟ್ಟಿತು.

ಆ ಚಪ್ಪಾಳೆ ಪ್ರವಾಸಿಗಳದು. ಆ ಹೊತ್ತಿಗೆ ಗಾಡಿಯಲ್ಲಿ ಊರಿನವರೆಂದು ಹೇಳಬಹುದಾದವರು ನಾಲ್ಕಾರು ಮಂದಿ ಇದ್ದರೋ ಇಲ್ಲವೋ. ಪ್ರಧಾನ ಇಗರ್ಜಿಯ ಬಳಿಯ ನಿಲ್ದಾಣದಲ್ಲಿ ಎಪ್ಪತ್ತೈದು ದಾಟಿದ ಮುದುಕಿಯೊಬ್ಬಳು ಎರಡೂ ಕೈಯಲ್ಲಿ ಸಂತೆಯ ಚೀಲ ಹಿಡಿದು ನಿಂತಿದ್ದಳು. ಒಂದು ಚೀಲವನ್ನು ಕೆಳಗಿಟ್ಟು ಕೈ ಎತ್ತಿದಳು. ಚಾಲಕ ತನ್ನ ಹಿಂದೆ ಕಿಕ್ಕಿರಿದ ಜನರನ್ನು ಹೆಬ್ಬೆರಳಿನಿಂದ ತೋರಿಸಿ, ತಲೆಯಾಡಿಸಿ, ಗಾಡಿಯನ್ನು ಮುಂದಕ್ಕೆ ಬಿಟ್ಟ. ಒಂದು ನಿಮಿಷದ ಮಟ್ಟಿಗೆ ಅವಳ ಮುಖ ನನ್ನ ಕಿಟಕಿಗೆ ಸಮನಾಗಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿ ಮಾಡಿ ಬಿಟ್ಟುಬಿಟ್ಟವರ ಮುಖ ಅದು.

ನಾಲ್ಕು ಮಾರು ಮೇಲೆ, "ಸೂರ್ಯನ ಬಾಗಿಲು" ಎಂಬ ಅರ್ಥದ ಹೆಸರುಳ್ಳ ಜಗಲಿಯಂತಹ ತಾಣದಲ್ಲಿ ಅರ್ಧ ಗಾಡಿ ಇಳಿಯಿತು; ನಾನೂ ಇಳಿದೆ. ಕೆಳಗೆ ಕೆಂಪು ಹೆಂಚಿನ ಮಾಡುಗಳು ಒಂದರ ಭುಜದ ಮೇಲೊಂದು ಕೈಯಿಟ್ಟಂತೆ ನದಿಯವರೆಗೆ ಇಳಿದಿದ್ದವು. ನಮ್ಮ ಕರಾವಳಿಯ ಹೆಂಚನ್ನೇ ನೆನಪಿಸುವ ಬಣ್ಣ. ಎಷ್ಟು ಹೊತ್ತು ನೋಡುತ್ತ ನಿಂತೆನೋ ತಿಳಿಯದು. ತಿರುಗಿದಾಗ ಏರುದಾರಿಯಲ್ಲಿ ಅದೇ ಮುದುಕಿ ಬರುತ್ತಿದ್ದಳು. ಹತ್ತು ಹೆಜ್ಜೆ ನಡೆದು, ಗೋಡೆಗೆ ಒರಗಿ, ಮತ್ತೆ ಹತ್ತು ಹೆಜ್ಜೆ. ಭಟ್ಟರ ಮಾತು ಆಗ ನೆನಪಾಯಿತು: ನಾವು ನೋಡಲಿಕ್ಕೆ ಬಂದವರು.

ನಾನು ಹೋಗಿ ಚೀಲಕ್ಕೆ ಕೈ ಚಾಚಿದೆ. ಅವಳು ಥಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಜೇಬುಗಳ್ಳರ ಊರಿನಲ್ಲಿ ಅದು ನ್ಯಾಯವೇ. ನಾನು ನನ್ನ ನರೆತ ತಲೆಯನ್ನೂ ಮೇಲಿನ ದಾರಿಯನ್ನೂ ತೋರಿಸಿದೆ. ಅವಳು ನನ್ನನ್ನು ಒಮ್ಮೆ ಅಳೆದು ನೋಡಿ ಭಾರವಾದ ಚೀಲವನ್ನು ಕೊಟ್ಟಳು. ಬಟಾಟೆ ಇದ್ದುವೆಂದು ಕಾಣುತ್ತದೆ. ಇಬ್ಬರೂ ಮಾತಿಲ್ಲದೆ ಎರಡು ಓಣಿ ದಾಟಿ, ಕೆಲವು ಮೆಟ್ಟಿಲು ಹತ್ತಿ ಒಂದು ಹಸುರು ಬಾಗಿಲ ಮುಂದೆ ನಿಂತೆವು. ಅವಳು ಜೇಬು ತಡಕಿದಳು, ಚೀಲ ತಡಕಿದಳು, ತನ್ನಲ್ಲಿಯೇ "ಶಾವ್, ಶಾವ್" ಎಂದು ಗೊಣಗಿದಳು. "ಚಾವಿ!" ಎಂದು ನನ್ನ ಬಾಯಿಂದ ತಾನಾಗಿ ಬಂತು. ಬೀಗದ ಕೈಯನ್ನು ನಮ್ಮ ಕಡೆ ಚಾವಿ ಎನ್ನುವುದು ಅವರಿಂದಲೇ ಅಲ್ಲವೆ! ಬಾಲ್ದಿ, ಇಸ್ತ್ರಿ, ಪಗಾರ ಇವೆಲ್ಲ ಅವರ ಹಡಗಿನಿಂದ ಇಳಿದು ನಮ್ಮ ಮನೆಯೊಳಗೆ ಬಂದು ಕುಳಿತ ಶಬ್ದಗಳೇ. ಅವಳು ಬೆರಗಾಗಿ ನನ್ನ ಮುಖ ನೋಡಿದಳು. ನಾನು ಮೇಲಿನ ಕಿಟಕಿಯನ್ನು ತೋರಿಸಿ, ನಮ್ಮೂರ ಕೊಂಕಣಿ ನೆರೆಯವರು ಅನ್ನುವಂತೆ "ಜನೇಲ್" ಎಂದೆ. "ಜನೆಲಾ!" ಎಂದು ಅವಳು ಬೊಚ್ಚು ಬಾಯಿ ತೆರೆದು ನಕ್ಕಳು. ಚಾವಿ ಸಿಕ್ಕಿತು, ಬಾಗಿಲು ತೆರೆಯಿತು, "ಒಬ್ರಿಗಾದ" ಎಂದು ವಂದಿಸಿ ಅವಳು ಒಳಗೆ ಹೋದಳು. ಅವಳ ಆಸನದಲ್ಲಿ ಕುಳಿತವನೇ ನಾನೆಂದು ಹೇಳಲು ಬೇಕಾದ ಶಬ್ದಗಳು ನಮ್ಮಿಬ್ಬರ ನುಡಿಗಳಲ್ಲಿ ಸಮಾನವಾಗಿರಲಿಲ್ಲ.

ಮೂರನೆಯ ದಿನ ಹದಿನೈದನೆಯ ನಂಬರಿನ ಗಾಡಿಯಲ್ಲಿ ಬೆಲೆಮ್ಮಿಗೆ ಹೋದೆ. ಅದು ನದಿಯ ದಂಡೆಯುದ್ದಕ್ಕೂ ಸಮತಟ್ಟಾದ ಹಾದಿ. ಗಾಡಿಯೂ ಉದ್ದನೆಯದು, ಹೊಸದು. 1901ರಲ್ಲಿ ಮೊದಲ ವಿದ್ಯುತ್ ಟ್ರಾಮು ಓಡಿದ್ದು ಈ ದಿಕ್ಕಿನಲ್ಲಿಯೇ. 1966ರಲ್ಲಿ ಕಟ್ಟಿದ ದೊಡ್ಡ ಕೆಂಪು ಸೇತುವೆಯ ಅಡಿಯಲ್ಲಿ ಹಾದು, ಜೆರೊನಿಮುಸ್ ಎಂಬ ಮಠದ ಮುಂದೆ ಇಳಿಸುತ್ತದೆ. ದೊರೆ ಮಾನುಯೆಲನು ಹದಿನಾರನೆಯ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದ ಆ ಮಠದ ಸೊಬಗನ್ನು ವರ್ಣಿಸಲು ನನ್ನ ಲೇಖನಿಗೆ ಶಕ್ತಿಯಿಲ್ಲ. ಕಲ್ಲಿನಲ್ಲಿ ಹಗ್ಗ, ಹವಳ, ಎಲೆಬಳ್ಳಿಗಳನ್ನು ಹೆಣೆದಿದ್ದಾರೆ. ಅರಸರ ಗೋರಿಗಳನ್ನು ಅಮೃತಶಿಲೆಯ ಆನೆಗಳು ಹೊತ್ತಿವೆ. ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಇಪ್ಪತ್ತರಲ್ಲೊಂದು ಪಾಲಿನ ಸುಂಕವೇ ಇದರ ಬಂಡವಾಳ. ಆ ವ್ಯಾಪಾರದಲ್ಲಿ ಮುಖ್ಯವಾದ ಸರಕು ಮೆಣಸು. ಮೆಣಸು ಎಂದೊಡನೆ ಕಂಬಗಳ ಮೇಲಿನ ಎಲೆಬಳ್ಳಿ ನನ್ನ ಕಣ್ಣಿಗೆ ನಮ್ಮ ಅಡಿಕೆ ತೋಟದ ಬಳ್ಳಿಯಾಗಿ ಕಂಡಿತು.

ಬಾಗಿಲ ಬಳಿಯಲ್ಲಿಯೇ ವಾಸ್ಕೊ ಡ ಗಾಮನ ಗೋರಿ. ಅವನ ಎದುರಿಗೆ, ಅವನ ಯಾತ್ರೆಯನ್ನು 1572ರಲ್ಲಿ ಮಹಾಕಾವ್ಯವಾಗಿ ಹಾಡಿದ ಕಮೊಯಿಶ್ ಕವಿಯ ಗೋರಿ. ಗಾಮನೂ ಒಂದು ಕಾಲಕ್ಕೆ ನಮ್ಮ ಕಡಲಿಗೆ ಪರವೂರಿನ ಅತಿಥಿಯೇ. ಅವನು ಕಲ್ಲಿಕೋಟೆಗೆ ಬಂದದ್ದು 1498ರ ಮೇ ತಿಂಗಳಿನಲ್ಲಿ. ಮರಳುವ ದಾರಿಯಲ್ಲಿ ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ತಂಗಿ ಹಡಗುಗಳನ್ನು ದುರಸ್ತಿ ಮಾಡಿಕೊಂಡ. ದಣಿದು ಬಂದವನಿಗೆ ನಮ್ಮ ನೆಲ ನೀರು ಕೊಟ್ಟಿತು. 1502ರಲ್ಲಿ ಮರಳಿ ಬಂದವನು ಅತಿಥಿಯಾಗಿ ಬರಲಿಲ್ಲ. ಮೆಕ್ಕಾ ಯಾತ್ರೆ ಮುಗಿಸಿ ಬರುತ್ತಿದ್ದವರ ಹಡಗನ್ನು ನೂರಾರು ಜನರೊಂದಿಗೆ ಸುಡಿಸಿದ. ಆಮೇಲೆ ಬಂದವರು, ನಮ್ಮ ಕಡಲಿನಲ್ಲಿ ನಮ್ಮ ಹಡಗು ಹೋಗಬೇಕಾದರೂ ತಮ್ಮಿಂದ ಕರ್ತಾಜ್ ಎಂಬ ರಹದಾರಿ ಪತ್ರ ಕೊಳ್ಳಬೇಕೆಂದರು. ಮನೆಯ ಯಜಮಾನನಿಗೆ ಅತಿಥಿಯು ಟಿಕೆಟು ಮಾರಿದ ಕಥೆ ಇದು. ಉಳ್ಳಾಲದ ಅಬ್ಬಕ್ಕ ರಾಣಿ ಆ ಟಿಕೆಟು ಕೊಳ್ಳಲಾರೆನೆಂದು ಕಾದಿದಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರೇ "ಮೆಣಸಿನ ರಾಣಿ" ಎಂದು ಕರೆದರು. ಅವಳ ಹೆಸರಿನೊಂದಿಗೆ ಹೆಣೆದುಕೊಂಡಿರುವ ಮಿರ್ಜಾನದ ಕೋಟೆ ನಮ್ಮ ಊರಿನಿಂದ ಬಹಳ ದೂರವಿಲ್ಲ. ಬಾಲ್ಯದಲ್ಲಿ ಅದರ ಗೋಡೆಯ ಮೇಲೆ ನಾವು ಓಡಾಡಿದ್ದೆವು.

ಗೋರಿಯ ಮುಂದೆ ನಿಂತಾಗ ನನಗೆ ಬರಬೇಕಾದ ಸಿಟ್ಟನ್ನು ಊರಿನಿಂದಲೇ ಸಿದ್ಧಮಾಡಿಕೊಂಡು ಹೋಗಿದ್ದೆ. ಅದು ಬಂತು, ಆದರೆ ಪೂರ್ತಿಯಾಗಿ ಅವನ ಮೇಲೆ ನಿಲ್ಲಲಿಲ್ಲ. ಸೊಂಡಿಲು ಚಾಚಿ ಎಲ್ಲವನ್ನೂ ತನ್ನ ಕಡೆಗೆ ಎಳೆದುಕೊಳ್ಳುವ ಅತಿಥಿಯೊಬ್ಬ ಪ್ರತಿಯೊಬ್ಬ ಯಾತ್ರಿಕನ ಒಳಗೂ ಇದ್ದಾನೆ. ಅವನು ಸುಟ್ಟದ್ದಕ್ಕೂ ನಾನು ಕುಳಿತದ್ದಕ್ಕೂ ಹೋಲಿಕೆಯಿಲ್ಲ. ಆದರೂ "ದುಡ್ಡು ಕೊಟ್ಟಿದ್ದೇನೆ, ಇದು ನನ್ನದು" ಎಂಬ ಮೊದಲ ಮಾತು ಇಬ್ಬರದೂ ಒಂದೇ. ಮಠದಿಂದ ಹೊರಬಂದು, 1837ರಿಂದಲೂ ಪಕ್ಕದ ಅಂಗಡಿಯಲ್ಲಿ ಮಾಡುವ ಕೆನೆಮೊಟ್ಟೆಯ ಪುಟ್ಟ ಕಡುಬನ್ನು ಮಗಳ ಅಪ್ಪಣೆಯಂತೆ ತಿಂದೆ. ಮೇಲೆ ಉದುರಿಸಿದ ದಾಲ್ಚಿನ್ನಿಯ ಪುಡಿ ಪೂರ್ವದ ವಾಸನೆಯನ್ನೇ ಬೀರುತ್ತಿತ್ತು.

ಆ ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಒಂದು ಮಾತು ಕಲಿಸಿದಳು. ಟ್ರಾಮು ಓಡಿಸುವವನಿಗೆ ಆ ಊರಿನಲ್ಲಿ ಓಡಿಸುವವನೆಂಬ ಹೆಸರಿಲ್ಲವಂತೆ. "ಗ್ವಾರ್ದ ಫ್ರೇಯು" ಎನ್ನುತ್ತಾರೆ. ಎಂದರೆ ಬ್ರೇಕು ಕಾಯುವವನು. ನಾನು ಬಹಳ ಹೊತ್ತು ಆ ಹೆಸರನ್ನೇ ಮೆಲುಕು ಹಾಕಿದೆ. ಬೆಟ್ಟದೂರಿನವರಿಗೆ ಅನುಭವದಿಂದ ತಿಳಿದಿದೆ: ಮುಂದೆ ಹೋಗುವುದು ದೊಡ್ಡದಲ್ಲ, ತಡೆದು ನಿಲ್ಲುವುದು ದೊಡ್ಡದು.

ಉಳಿದ ದಿನಗಳಲ್ಲಿ ನಾನೂ ನನ್ನ ಮಟ್ಟಿಗೆ ಬ್ರೇಕು ಕಾಯಲು ಕಲಿತೆ. ಊರಿನವರು ಕೆಲಸಕ್ಕೆ ಹೋಗುವ, ಮರಳುವ ಹೊತ್ತುಗಳನ್ನು ಬಿಟ್ಟು ಗಾಡಿ ಹತ್ತುತ್ತಿದ್ದೆ. ಇಳಿಜಾರನ್ನು ನಡೆದೇ ಇಳಿಯುತ್ತಿದ್ದೆ. ಏರಿಗೆ ಮಾತ್ರ ಟ್ರಾಮು. ಇಪ್ಪತ್ತೆಂಟನ್ನು ಬಿಟ್ಟು, ಪ್ರವಾಸಿಗಳು ಅಷ್ಟಾಗಿ ಮುತ್ತದ ಇಪ್ಪತ್ನಾಲ್ಕು, ಇಪ್ಪತ್ತೈದರಲ್ಲಿ ನಿಂತು ಪ್ರಯಾಣ ಮಾಡಿದೆ. ನಿಂತವನಿಗೆ ಊರು ಕಡಮೆ ಕಾಣುವುದಿಲ್ಲವೆಂಬುದು ನನ್ನ ಅನುಭವ. ಶಾಲೆಯ ಮಕ್ಕಳ ಜಗಳ, ಮೀನಿನ ಬೆಲೆಯ ಚರ್ಚೆ, ಮೊಮ್ಮಗನಿಗೆ ಬೂಟು ಕಟ್ಟುವ ಅಜ್ಜ, ರಸ್ತೆಯ ಬದಿಯಲ್ಲಿ ನೀಲಿಯಾಗಿ ಅರಳತೊಡಗಿದ ಜಕರಂದ, ಇವೆಲ್ಲ ನಿಂತಾಗಲೇ ಕಂಡವು. ಕೊನೆಯ ದಿನ ಗ್ಲೋರಿಯಾ ಎಂಬ ಏರುಬಂಡಿಯಲ್ಲಿ ಕುಳಿತೆ. 1885ರಿಂದ ಇದ್ದ ಆ ಬಂಡಿ ಟ್ರಾಮಿನಂತೆ ಕಂಡರೂ ಟ್ರಾಮಲ್ಲ. ನೆಲದಡಿಯ ಒಂದೇ ಉಕ್ಕಿನ ಹಗ್ಗಕ್ಕೆ ಎರಡು ಬಂಡಿಗಳು. ಒಂದು ಇಳಿಯುವ ಭಾರವೇ ಇನ್ನೊಂದು ಏರಲು ಆಸರೆ. ಬಾವಿಯ ರಾಟೆಯ ಎರಡು ಕೊಡಗಳಂತೆ. ಬಂಡಿಯವನು ನನ್ನ ಕಾರ್ಡು ನೋಡಿ, ತಲೆದೂಗಿ, ಕುಳಿತುಕೊಳ್ಳುವಂತೆ ಸನ್ನೆ ಮಾಡಿದ. ಎರಡೇ ನಿಮಿಷದ ಪಯಣ.

ಊರಿಗೆ ಬಂದ ಮೂರು ತಿಂಗಳಿಗೆ, 2025ರ ಸೆಪ್ಟೆಂಬರ್ 3ರ ರಾತ್ರಿ, ಮಗಳ ಫೋನು ಬಂತು. "ಅಪ್ಪ, ನಾನು ಚೆನ್ನಾಗಿದ್ದೇನೆ," ಎಂಬುದೇ ಅವಳ ಮೊದಲ ಮಾತು. ಆ ಸಂಜೆ ಗ್ಲೋರಿಯಾದ ಹಗ್ಗದ ಬೆಸುಗೆ ಬಿಟ್ಟುಹೋಗಿ, ಬಂಡಿ ಇಳಿಜಾರಿನಲ್ಲಿ ಧಾವಿಸಿ ತಿರುವಿನ ಕಟ್ಟಡಕ್ಕೆ ಅಪ್ಪಳಿಸಿತ್ತು. ಹದಿನಾರು ಮಂದಿ ಸತ್ತರು. ಅವರಲ್ಲಿ ಊರು ನೋಡಲು ಬಂದವರೂ ಇದ್ದರು, ಕೆಲಸ ಮುಗಿಸಿ ಮನೆಗೆ ಹೊರಟವರೂ ಇದ್ದರು. ಬ್ರೇಕು ಕಾಯುವವನೂ ಇದ್ದ. ನನಗೆ ಕುಳಿತುಕೊಳ್ಳಲು ಸನ್ನೆ ಮಾಡಿದವನು ಅವನೇ ಹೌದೋ ಅಲ್ಲವೋ, ತಿಳಿದುಕೊಳ್ಳಲು ನಾನು ಯತ್ನಿಸಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಹನ್ನೆರಡು ದಿನದ ಮಟ್ಟಿಗೆ ಹೋಗಿ ನೋಡಿ ಬಂದ ಊರು ಸಾವಿನ ಸುದ್ದಿಯೊಂದಿಗೆ ನೆಂಟರ ಊರಾಯಿತು. ಆ ಹಸುರು ಬಾಗಿಲ ಮುದುಕಿ ಯಾವ ಗಾಡಿಗೂ ಕಾಯದೆ ಗೋಡೆ ಹಿಡಿದು ಏರುತ್ತಿರಬಹುದೆ ಎಂದು ನೆನೆದೆ.

ನಮ್ಮ ಊರಿಗೂ ಈಗ ಪ್ರವಾಸಿಗಳು ಬರುತ್ತಾರೆ. ಮೊನ್ನೆ ಶನಿವಾರ ಗೋಕರ್ಣದ ಬಸ್ಸು ಅವರ ಬೆನ್ನುಚೀಲಗಳಿಂದ ತುಂಬಿತ್ತು. ಕುಮಟೆಯ ನಿಲ್ದಾಣದಲ್ಲಿ ಬುಟ್ಟಿ ಹೊತ್ತ ಮೀನುಗಾರ ಹೆಂಗಸೊಬ್ಬಳು ಹತ್ತಲು ಬಂದಾಗ ಕಂಡಕ್ಟರು ಜಾಗವಿಲ್ಲವೆಂದ. ನಾನು ಎದ್ದು, "ಬಾ ತಂಗಿ, ನಾನು ಮುಂದಿನ ಬಸ್ಸಿಗೆ ಬರುತ್ತೇನೆ," ಎಂದು ಇಳಿದೆ. ಅವಳು ಬುಟ್ಟಿಯನ್ನು ಕಾಲ ಬಳಿಯಿಟ್ಟು ಕಿಟಕಿಯ ಪಕ್ಕ ಕುಳಿತಳು. ಮುಂದಿನ ಬಸ್ಸು ಬರಲು ಒಂದು ಗಂಟೆ ತಡವಾಯಿತು. ನನಗೇನೂ ಅವಸರವಿರಲಿಲ್ಲ.